ಇಂದು ನಗದು, ನಾಳೆ ಉದ್ರಿ
ದುಡಿದು ಕಲಿತವರಿಗೆ ಕಾಲೇಜಿನ ಕ್ರೆಡಿಟ್: ಒಂದು ಸರ್ಕಾರಿ ದಾಖಲೆಯ ವಿಮರ್ಶೆ

ನಮ್ಮ ಕಿರಾಣಿ ಅಂಗಡಿಗಳಲ್ಲಿ ಹಿಂದಿನಿಂದಲೂ ಒಂದು ಬರಹ ಕಣ್ಣಿಗೆ ಬೀಳುತ್ತದೆ: 'ಇಂದು ನಗದು, ನಾಳೆ ಉದ್ರಿ.' ನಾಳೆ ಬಂದು ನಿಂತರೂ ಹಲಗೆ ಅದೇ ಮಾತು ಹೇಳುತ್ತದೆಂದು ಗಿರಾಕಿಗೂ ಗೊತ್ತು, ಅಂಗಡಿಯವನಿಗೂ ಗೊತ್ತು. ಉದ್ರಿ ಎಂದರೆ ಬರೀ ಸಾಲವಲ್ಲ. ಈ ಮನುಷ್ಯ ನಾಳೆಯೂ ಈ ಓಣಿಯಲ್ಲೇ ಇರುತ್ತಾನೆ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂಬ ಭರವಸೆ ಅದು. ಇಂಗ್ಲಿಷಿನ 'ಕ್ರೆಡಿಟ್' ಎಂಬ ಪದದ ಬೇರಿನಲ್ಲಿಯೂ ಇರುವುದು ನಂಬಿಕೆ ಎಂಬ ಅರ್ಥವೇ.

ಈ ಪದ ಈಗ ಅಂಗಡಿಯಿಂದ, ಬ್ಯಾಂಕಿನಿಂದ ಹೊರಟು ಕಾಲೇಜಿಗೆ ಬಂದಿದೆ. ಶಾಲೆಯ ಮೆಟ್ಟಿಲು ಹತ್ತದೆ, ಹತ್ತಿದರೂ ನಡುವೆಯೇ ಇಳಿದು, ದುಡಿಯುತ್ತಲೇ ಕಲಿತವರ ವಿದ್ಯೆಯನ್ನು ಅಳೆದು ಅದಕ್ಕೆ ಕ್ರೆಡಿಟ್ ಕೊಡಲಾಗುವುದು, ಆ ಕ್ರೆಡಿಟ್ ಮುಂದೆ ಪದವಿಯ ಲೆಕ್ಕಕ್ಕೂ ಸೇರುವುದು ಎಂದು ನಮ್ಮ ಸರ್ಕಾರ ಹೇಳುತ್ತಿದೆ. 2023ರ ಏಪ್ರಿಲ್‌ನಲ್ಲಿ ಹೊರಬಂದ 'ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು' ಎಂಬ ದಾಖಲೆಯ ಮುಖ್ಯ ಭರವಸೆಗಳಲ್ಲಿ ಇದೂ ಒಂದು. ಸರ್ಕಾರಿ ದಾಖಲೆಗಳನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ. ಕತೆ, ಕಾದಂಬರಿಗಳನ್ನು ಸಾಲು ಸಾಲಾಗಿ ವಿಮರ್ಶಿಸುವ ನಾವು, ಲಕ್ಷಾಂತರ ಜನರ ಬದುಕನ್ನು ಬರೆಯುವ ಇಂಥ ಬರಹಗಳನ್ನು ಅಧಿಕಾರಿಗಳಿಗೆ ಬಿಟ್ಟುಬಿಡುತ್ತೇವೆ. ಈ ದಾಖಲೆಯನ್ನು ವಿಜಯಪುರ, ತಿಕೋಟಾ, ಬಬಲೇಶ್ವರಗಳ ಬೆಳಕಿನಲ್ಲಿ ಓದುವ ಒಂದು ಪ್ರಯತ್ನ ಇದು.

ದಾಖಲೆ ಏನು ಹೇಳುತ್ತದೆ?

ಮೊದಲು ಅದರ ಒಳ್ಳೆಯ ಮಾತುಗಳನ್ನು ಒಪ್ಪಿಕೊಳ್ಳೋಣ. ಒಂದು ವರ್ಷದ ಕಲಿಕೆ ಎಂದರೆ 1200 ಗಂಟೆ, ಅದಕ್ಕೆ 40 ಕ್ರೆಡಿಟ್. ಅಂದರೆ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ಮೂರು ವರ್ಷದ ಪದವಿಗೆ 120. ಶಾಲೆಯ ಕಲಿಕೆ, ಕಾಲೇಜಿನ ಕಲಿಕೆ, ಕಸುಬಿನ ಕಲಿಕೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಎನ್ನುವುದು ಇದರ ತಿರುಳು. ಅನುಭವದ ವರ್ಷಗಳಿಗೆ ಹೆಚ್ಚುವರಿ ತೂಕವೂ ಉಂಟು. ಆದರೆ ಮೌಲ್ಯಮಾಪನ ಆಗದೆ ಯಾವ ಕಲಿಕೆಗೂ ಕ್ರೆಡಿಟ್ ಇಲ್ಲ ಎಂಬ ಷರತ್ತಿದೆ. ಷರತ್ತು ನ್ಯಾಯವಾದದ್ದೇ.

ಇದು ಏಕಾಏಕಿ ಬಂದದ್ದಲ್ಲ. ಕೌಶಲಗಳನ್ನು ಮಟ್ಟಗಳಾಗಿ ವಿಂಗಡಿಸುವ ರಾಷ್ಟ್ರೀಯ ಚೌಕಟ್ಟು 2013ರ ಡಿಸೆಂಬರ್‌ನಲ್ಲಿಯೇ ಜಾರಿಗೆ ಬಂದಿತ್ತು. 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಯಿತು. ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ 'ಪೂರ್ವ ಕಲಿಕೆಯ ಮಾನ್ಯತೆ' ಅದರ ಒಂದು ಅಂಗವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಸುಬು ಮತ್ತು ಕಾಲೇಜಿನ ನಡುವಿನ ಗೋಡೆ ಕೆಡವುವ ಮಾತಾಡಿತು. 2021ರಲ್ಲಿ ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ 'ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್' ಬಂತು. ಹೀಗೆ ಹಂತ ಹಂತವಾಗಿ ಕಟ್ಟಿದ ಮನೆಗೆ 2023ರಲ್ಲಿ ಹಾಕಿದ ಛಾವಣಿ ಈ ದಾಖಲೆ. ಆ ಮನೆಯ ಬಾಗಿಲು ಎಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ತಿಕೋಟಾ ರಸ್ತೆಯ ವಿಶ್ವವಿದ್ಯಾಲಯಗಳು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ಮೊದಲು ತೊರವಿ ಸಿಗುತ್ತದೆ. ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ಕನಸಿನ ನವರಸಪುರವನ್ನು ಕಟ್ಟಹೊರಟ ನೆಲ ಇದು. ಇದೇ ಭಾಗದಿಂದ ನೆಲದಡಿಯ ಸುರಂಗಗಳಲ್ಲಿ ನಗರಕ್ಕೆ ನೀರು ಹರಿಸಿದ ಕುಶಲಕರ್ಮಿಗಳು ಯಾವ ಪದವಿ ಪಡೆದಿದ್ದರೆಂದು ಯಾರೂ ಕೇಳಲಿಲ್ಲ. ಇಳಿಜಾರು ಒಂದಿಷ್ಟು ತಪ್ಪಿದ್ದರೆ ನೀರು ನಗರ ಮುಟ್ಟುತ್ತಿರಲಿಲ್ಲ. ನೀರು ಬಂತು, ಅವರ ಪರೀಕ್ಷೆ ಅಲ್ಲಿಗೆ ಮುಗಿಯಿತು. ಇಂದು ಅದೇ ತೊರವಿಯಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯವಿದೆ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು.

ಇನ್ನೂ ಮುಂದೆ ಹೋದರೆ ತಿಕೋಟಾ. ಸುತ್ತಲೂ ದ್ರಾಕ್ಷಿ ತೋಟಗಳು, ಅವುಗಳ ನಡುವೆ ಹಸಿರು ಬಲೆ ಹೊದ್ದ ಒಣದ್ರಾಕ್ಷಿಯ ಶೆಡ್ಡುಗಳು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಶೆಡ್ಡುಗಳಲ್ಲಿ ನಡೆಯುವುದನ್ನು ತುಸು ವಿವರವಾಗಿ ನೋಡಬೇಕು. ಏಕೆಂದರೆ 'ಪೂರ್ವ ಕಲಿಕೆ' ಎಂದು ದಾಖಲೆ ಕರೆಯುವುದು ಇದನ್ನೇ.

ಹಣ್ಣಿನಲ್ಲಿ ಸಕ್ಕರೆ ಸಾಕಷ್ಟು ತುಂಬಿದೆಯೇ ಎಂಬುದು ಮೊದಲ ತೀರ್ಮಾನ. ತೋಟದ ಮಾಲೀಕನ ಬಳಿ ಅಳೆಯುವ ಉಪಕರಣ ಇರಬಹುದು. ಗೊನೆ ಕತ್ತರಿಸುವ ಹೆಣ್ಣುಮಗಳು ಬಣ್ಣ ನೋಡಿ, ಒಂದು ಕಾಳು ಬಾಯಿಗೆ ಹಾಕಿ ಹೇಳುತ್ತಾಳೆ. ಬೇಗ ಕಿತ್ತರೆ ತೂಕ ಬರುವುದಿಲ್ಲ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಸಕ್ಕರೆ ಕಡಿಮೆಯಿದ್ದರೆ ನಾಲ್ಕು ಐದಾಗುತ್ತದೆ. ನಂತರ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಬೇಕು. ಲೀಟರಿಗೆ ಸುಮಾರು 25 ಗ್ರಾಂ ಪುಡಿ, 15 ಮಿಲಿಲೀಟರ್ ಎಣ್ಣೆ. ಹಣ್ಣಿನ ಮೇಲಿನ ಮೇಣದ ಪದರು ಸಡಿಲಾಗಿ ಒಳಗಿನ ನೀರು ಹೊರಬರಲು ಇದು ದಾರಿ. ಹೆಚ್ಚು ಹೊತ್ತು ಅದ್ದಿದರೆ ಸಿಪ್ಪೆ ಹಾಳು, ಕಡಿಮೆಯಾದರೆ ಒಣಗಲು ತಡ. ಆಮೇಲೆ ಅಂತಸ್ತು ಅಂತಸ್ತಾದ ಬಲೆಗಳ ಮೇಲೆ ತೆಳುವಾಗಿ ಹರಡಿ ಎರಡು ವಾರ ನೆರಳಲ್ಲಿ ಒಣಗಿಸಬೇಕು. ನಡುವೆ ಮೋಡ ಕವಿದರೆ, ಗಾಳಿಯಲ್ಲಿ ತೇವ ಹೆಚ್ಚಿದರೆ ಹಸಿರು ಹೊಳಪಿನ ಮಾಲು ಕಂದಾಗಿ ದರ ಕುಸಿಯುತ್ತದೆ. ಕೊನೆಗೆ ತೊಟ್ಟು ಬಿಡಿಸಿ, ಬಣ್ಣ ಮತ್ತು ಗಾತ್ರ ನೋಡಿ ವಿಂಗಡಿಸುವ ಕೆಲಸ. ವಿಜಯಪುರದ ಎಪಿಎಂಸಿಯಲ್ಲಿಯೋ ಮಹಾರಾಷ್ಟ್ರದ ತಾಸಗಾಂವದಲ್ಲಿಯೋ ಆ ಮಾಲಿಗೆ ಬರುವ ದರದಲ್ಲಿ ಈ ವಿಂಗಡಿಸುವ ಬೆರಳುಗಳ ಪಾಲು ಸಣ್ಣದಲ್ಲ.

ಇದರಲ್ಲಿ ರಸಾಯನಶಾಸ್ತ್ರವಿದೆ, ಹವಾಮಾನಶಾಸ್ತ್ರವಿದೆ, ಮಾರುಕಟ್ಟೆಯ ತಿಳಿವಳಿಕೆಯಿದೆ. ಈಗ ದಾಖಲೆಯ ಲೆಕ್ಕವನ್ನೇ ಹಿಡಿಯೋಣ. ಒಬ್ಬ ಹೆಣ್ಣುಮಗಳು ವರ್ಷಕ್ಕೆ 100 ದಿನ, ದಿನಕ್ಕೆ 8 ಗಂಟೆ ಈ ಕೆಲಸ ಮಾಡಿದಳೆನ್ನಿ. 800 ಗಂಟೆ. ಹತ್ತು ವರ್ಷಕ್ಕೆ 8000 ಗಂಟೆ. 30ರಿಂದ ಭಾಗಿಸಿದರೆ 266 ಕ್ರೆಡಿಟ್. ಎರಡು ಪದವಿಗೆ ಸಾಕಾಗಿ ಮಿಗುತ್ತದೆ! ಈ ಲೆಕ್ಕ ಹೀಗೆ ನಡೆಯುವುದಿಲ್ಲ ಎಂಬುದು ನಮಗೂ ಗೊತ್ತು. ದುಡಿದ ಗಂಟೆಗಳೆಲ್ಲ ಕಲಿತ ಗಂಟೆಗಳಲ್ಲ. ಮೊದಲ ಎರಡು ಹಂಗಾಮಿನಲ್ಲಿ ಕಲಿತದ್ದನ್ನೇ ಉಳಿದ ಎಂಟು ಹಂಗಾಮಿನಲ್ಲಿ ಮಾಡಿರಬಹುದು. ಹಾಗಾದರೆ ಅವಳು ಕಲಿತದ್ದು ಎಷ್ಟು? 40 ಕ್ರೆಡಿಟ್‌ನಷ್ಟೇ? 20ರಷ್ಟೇ? ಇದನ್ನು ಕುಳಿತು ಅಳೆಯುವವರು ಯಾರು? ಅಕ್ಕಮಹಾದೇವಿಯ ಹೆಸರಿನ ವಿಶ್ವವಿದ್ಯಾಲಯಕ್ಕೂ ಈ ಶೆಡ್ಡಿಗೂ ನಡುವೆ ಇರುವುದು ಒಂದೇ ರಸ್ತೆ. ಆ ರಸ್ತೆಯಲ್ಲಿ ಕೂಲಿ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂಗಳು ಓಡುತ್ತವೆ. ಅವು ವಿಶ್ವವಿದ್ಯಾಲಯದ ಗೇಟಿನ ಮುಂದೆ ನಿಲ್ಲುವುದಿಲ್ಲ.

ಶೆಡ್ಡೊಂದರ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ ಹಿರಿಯ ಹೆಣ್ಣುಮಗಳೊಬ್ಬಳು ನಮಗೆ ಹೇಳಿದ ಮಾತು ಈ ಇಡೀ ದಾಖಲೆಗೆ ಬರೆದ ಟಿಪ್ಪಣಿಯಂತಿತ್ತು. "ಸಾಲಿ ಎಷ್ಟನೇತ್ತ ಕಲ್ತೀರಿ ಅಂತ ಎಲ್ಲಾರೂ ಕೇಳ್ತಾರ್ರೀ. ಕೆಲಸ ಎಷ್ಟ್ ವರ್ಷ ಕಲ್ತೀರಿ ಅಂತ ಒಬ್ರೂ ಕೇಳಂಗಿಲ್ರೀ."

ಬಬಲೇಶ್ವರದ ಸುಟ್ಟ ಮೋಟಾರು

ಬಬಲೇಶ್ವರದ ಕಡೆಗೆ ತಿರುಗಿದರೆ ಕಥೆ ನೀರಿನದು. ಬರದ ನಾಡಾಗಿದ್ದ ಇಲ್ಲಿಗೆ ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಕೃಷ್ಣೆಯ ನೀರು ಬಂದಿದೆ, ಕೆರೆಗಳು ತುಂಬಿವೆ. ಆದರೂ ರೈತನ ದಿನನಿತ್ಯದ ಆಸರೆ ಬೋರ್‌ವೆಲ್ಲೇ. ಬೋರ್‌ವೆಲ್ ಇದ್ದಲ್ಲಿ ಸುಟ್ಟ ಮೋಟಾರು ಇದ್ದೇ ಇರುತ್ತದೆ. ಸುಟ್ಟ ಮೋಟಾರು ಇದ್ದಲ್ಲಿ ವೈಂಡಿಂಗ್ ಅಂಗಡಿ. ಈ ಅಂಗಡಿಗಳಲ್ಲಿ, ವಿಜಯಪುರದ ಗ್ಯಾರೇಜುಗಳಲ್ಲಿ, ವೆಲ್ಡಿಂಗ್ ಶಾಪುಗಳಲ್ಲಿ ಕೆಲಸ ಕಲಿಸುವವನಿಗೆ ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ಬಳಸುವ ಹೆಸರು ಒಂದೇ: ಉಸ್ತಾದ್.

ವೈಂಡಿಂಗ್ ಉಸ್ತಾದ್ ಮೋಟಾರು ಬಿಚ್ಚಿದ ಕೂಡಲೇ ಸುಟ್ಟ ಸುರುಳಿಗಳ ಸಾಲು ನೋಡುತ್ತಾನೆ. ಕೆಲವು ಮಾತ್ರ ಕರ್ರಗಾಗಿದ್ದರೆ ಒಂದು ಫೇಸ್ ಕಡಿದಿತ್ತು. ಎಲ್ಲವೂ ಸಮನಾಗಿ ಸುಟ್ಟಿದ್ದರೆ ಓವರ್‌ಲೋಡ್ ಆಗಿತ್ತು. ತಾಮ್ರದ ತಂತಿಯ ಗೇಜ್ ಅಳೆದು, ಸುತ್ತುಗಳನ್ನು ಎಣಿಸಿ, ಅದೇ ಕ್ರಮದಲ್ಲಿ ಹೊಸದನ್ನು ಸುತ್ತುತ್ತಾನೆ. ಇಂಜಿನಿಯರಿಂಗ್ ಓದಿ ಬಂದ ಹುಡುಗ ಈ ಕೆಲಸವನ್ನು ಕೈಯಿಂದ ಮಾಡಿ ತೋರಿಸಲಾರ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಇಷ್ಟೇ ಸುತ್ತು ಏಕೆ, ಇದೇ ಗೇಜ್ ಏಕೆ ಎಂದು ಕೇಳಿದರೆ ಎಷ್ಟೋ ಉಸ್ತಾದರು "ಕಂಪನಿಯವರು ಹಂಗ ಮಾಡ್ಯಾರ" ಎನ್ನುತ್ತಾರೆ. ಹಳೆಯ ಸುರುಳಿ ಪೂರ್ತಿ ಕಳೆದುಹೋದ ಮೋಟಾರು ಬಂದರೆ ಕೈ ನಿಲ್ಲುತ್ತದೆ. ಅಲ್ಲಿ ಕಾಲೇಜಿನ ಲೆಕ್ಕ ಬೇಕಾಗುತ್ತದೆ. ಉಸ್ತಾದನ ವಿದ್ಯೆ ಪೂರ್ಣವಲ್ಲ, ಕಾಲೇಜಿನ ವಿದ್ಯೆಯೂ ಪೂರ್ಣವಲ್ಲ. ಪೂರ್ವ ಕಲಿಕೆಗೆ ಮಾನ್ಯತೆ ಕೊಡುವುದೆಂದರೆ ಈ ಎರಡು ಅರ್ಧಗಳನ್ನು ಕೂಡಿಸುವುದು. ಅವನಿಗೆ ಗೊತ್ತಿದ್ದನ್ನು ಮತ್ತೆ ಕಲಿಸದೆ, ಗೊತ್ತಿಲ್ಲದ್ದನ್ನು ಮಾತ್ರ ಕಲಿಸುವುದು. ಹಾಗೆ ನೋಡಿದರೆ ಇದೊಂದು ಉದಾತ್ತ ವಿಚಾರ.

ಈ ವಿಚಾರ ಮುಸ್ಲಿಂ ಸಮುದಾಯಕ್ಕೆ ವಿಶೇಷವಾಗಿ ಏಕೆ ಮುಖ್ಯ? 2006ರ ಸಾಚಾರ್ ಸಮಿತಿಯ ವರದಿ ನೆನಪಿಸಿಕೊಳ್ಳೋಣ. 20 ವರ್ಷ ದಾಟಿದ ಭಾರತೀಯರಲ್ಲಿ ಸುಮಾರು ಶೇ. 7ರಷ್ಟು ಜನ ಪದವಿ ಅಥವಾ ಡಿಪ್ಲೊಮಾ ಪಡೆದಿದ್ದಾಗ ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 4ಕ್ಕೂ ಕಡಿಮೆ ಇತ್ತು. 6ರಿಂದ 14ರ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರು ಶಾಲೆಗೆ ಹೋಗಿಯೇ ಇರಲಿಲ್ಲ ಅಥವಾ ಬಿಟ್ಟಿದ್ದರು. ಅದೇ ವರದಿ ಈ ಸಮುದಾಯ ಸ್ವಂತ ಕಸುಬು, ಕುಶಲಕರ್ಮಗಳಲ್ಲಿ ದಟ್ಟವಾಗಿದೆ ಎಂದೂ ಹೇಳಿತು. ಅಂದರೆ ಪದವಿಯಲ್ಲಿ ಬಡತನ, ಕೈಕಸುಬಿನಲ್ಲಿ ಸಿರಿವಂತಿಕೆ. ಐಟಿಐ ಪ್ರವೇಶದ ಅರ್ಹತೆಯನ್ನು ಎಂಟನೇ ತರಗತಿಗೆ ಇಳಿಸಬೇಕು, ಮದ್ರಸಾ ಪ್ರಮಾಣಪತ್ರಗಳಿಗೆ ಸಮಾನತೆ ಕೊಟ್ಟು ಮುಂದಿನ ಓದಿಗೆ ದಾರಿ ಮಾಡಬೇಕು ಎಂದು ಸಮಿತಿ ಹೇಳಿದ್ದು ಇದೇ ಕಾರಣಕ್ಕೆ. 'ಪೂರ್ವ ಕಲಿಕೆ' ಎಂಬ ಪದ ಬಳಸದೆಯೇ ಅದರ ಸಾರವನ್ನು ಆ ವರದಿ ಹೇಳಿತ್ತು. ಮದ್ರಸಾದಲ್ಲಿ ಓದಿದವರಿಗಾಗಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ 2013ರಲ್ಲಿ ಸೇತುಬಂಧ ಕೋರ್ಸ್ ಆರಂಭಿಸಿದ್ದು ಈ ದಿಕ್ಕಿನ ಒಂದು ಹೆಜ್ಜೆ. ಆದರೆ ಅಲೀಗಢದಲ್ಲಿ ಆದದ್ದು ತಿಕೋಟಾಕ್ಕೆ ತಲುಪಲಿಲ್ಲ. ಕಿತಾಬು ಓದಿದವರಿಗೆ ಸಿಕ್ಕ ಸೇತುವೆ ಕಸುಬು ಕಲಿತವರಿಗೆ ಸಿಗಲಿಲ್ಲ.

ಐದುನೂರು ರೂಪಾಯಿಯ ಮಾನ್ಯತೆ

ಭರವಸೆ ಬಿಟ್ಟು ನಡೆದದ್ದನ್ನು ನೋಡೋಣ. ಕೌಶಲ ವಿಕಾಸ ಯೋಜನೆಯ ಹಿಂದಿನ ಹಂತಗಳಲ್ಲಿ ಪೂರ್ವ ಕಲಿಕೆಯ ಮಾನ್ಯತೆ ಎಂದರೆ ಸಾಮಾನ್ಯವಾಗಿ ಒಂದು ಶಿಬಿರವಾಗಿತ್ತು. ಕನಿಷ್ಠ 12 ಗಂಟೆಯ ಪರಿಚಯ ತರಬೇತಿ, ಅದರಲ್ಲಿಯೇ ನಡೆನುಡಿಯ ಪಾಠ, ಪರೀಕ್ಷೆ ಹೇಗಿರುತ್ತದೆ ಎಂಬ ಪಾಠ. ಆಮೇಲೆ ಒಂದು ಮೌಲ್ಯಮಾಪನ. ಪಾಸಾದರೆ ಪ್ರಮಾಣಪತ್ರ ಮತ್ತು 500 ರೂಪಾಯಿ. ಇಪ್ಪತ್ತು ವರ್ಷ ಕಲ್ಲು ಕಟ್ಟಿದ ಗೌಂಡಿಗೆ ನೀನು ಗೌಂಡಿ ಎಂದು ಹೇಳುವ ಕಾಗದ! ಅದನ್ನು ಹಿಡಿದು ಅವನು ಹೋಗುವುದಾದರೂ ಎಲ್ಲಿಗೆ? ಕಂತ್ರಾಟುದಾರನಿಗೆ ಅವನ ಕೆಲಸ ಮೊದಲೇ ಗೊತ್ತು. ಕಾಗದ ನೋಡಿ ಪಗಾರ ಹೆಚ್ಚಿಸುವುದಿಲ್ಲ. ಕಾಲೇಜಿನವರಿಗೆ ಆ ಕಾಗದ ಏನೆಂದೇ ಗೊತ್ತಿಲ್ಲ.

2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಈ ಯೋಜನೆಯ ಒಳಗನ್ನು ಬಿಚ್ಚಿ ತೋರಿಸಿತು. ಪರಿಶೀಲಿಸಿದ 95 ಲಕ್ಷಕ್ಕೂ ಮಿಕ್ಕ ಹೆಸರುಗಳಲ್ಲಿ ಶೇ. 94ಕ್ಕೂ ಹೆಚ್ಚು ಕಡೆ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆ ಇತ್ತು, ಅಥವಾ ಖಾಲಿ ಇತ್ತು. ದುಡಿಯುವವನ ವಿದ್ಯೆಯನ್ನು ಗುರುತಿಸುತ್ತೇವೆಂದು ಹೊರಟ ವ್ಯವಸ್ಥೆಗೆ ಆ ದುಡಿಯುವವನನ್ನೇ ಗುರುತಿಸಲಾಗಲಿಲ್ಲ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೆ?

ಕ್ರೆಡಿಟ್ ಚೌಕಟ್ಟು ಈ ಲೋಪ ತಿದ್ದಲು ಬಂದಿದೆ ಎಂದು ಅದರ ಸಮರ್ಥಕರು ಹೇಳಬಹುದು. ಕಾಗದ ಇನ್ನು ಮುಂದೆ ಕಾಗದವಾಗಿ ಉಳಿಯದೆ ಕ್ರೆಡಿಟ್ ಆಗಿ ಬ್ಯಾಂಕಿನಲ್ಲಿ ಜಮೆಯಾಗುತ್ತದೆ ಎನ್ನಬಹುದು. ಒಪ್ಪೋಣ. ಆದರೆ ಆ ಬ್ಯಾಂಕಿನ ನಿಯಮ ಓದಿದರೆ ಅಲ್ಲಿಯೂ ನಮ್ಮ ಕಿರಾಣಿ ಅಂಗಡಿಯ ಹಲಗೆಯೇ ಕಾಣುತ್ತದೆ. ಜಮೆಯಾದ ಕ್ರೆಡಿಟ್ಟನ್ನು ಪದವಿಗೆ ಎಷ್ಟರಮಟ್ಟಿಗೆ ಎಣಿಸಬೇಕೆಂಬ ತೀರ್ಮಾನ ಆಯಾ ವಿಶ್ವವಿದ್ಯಾಲಯದ್ದು. 2021ರ ನಿಯಮದ ಪ್ರಕಾರ ಕ್ರೆಡಿಟ್‌ನ ಆಯುಷ್ಯ ಹೆಚ್ಚೆಂದರೆ ಏಳು ವರ್ಷ. ಜೊತೆಗೆ ಪದವಿಯ ಮೆಟ್ಟಿಲಿಗೆ ಮೊದಲು ಹತ್ತನೆಯದು, ಹನ್ನೆರಡನೆಯದು ಎಂಬ ಮೆಟ್ಟಿಲುಗಳು ಹಾಗೆಯೇ ಇವೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಣ್ಣುಮಗಳಿಗೆ ಮೇಲಿನ ಮಾಳಿಗೆಯಲ್ಲಿ ಕುರ್ಚಿ ಕಾದಿಟ್ಟು ಕೆಳಗಿನ ಏಣಿ ತೆಗೆದಂತಾಯಿತು.

ಇದರ ಮೇಲೆ ಕೇಂದ್ರ ಮತ್ತು ರಾಜ್ಯದ ಜಗಳ. ಕರ್ನಾಟಕ ಸರ್ಕಾರ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ರಾಷ್ಟ್ರೀಯ ನೀತಿಯನ್ನು ವಿರೋಧಿಸಲು ರಾಜ್ಯಕ್ಕೆ ಸಕಾರಣಗಳಿರಬಹುದು. ಆದರೆ ದೆಹಲಿಯದಾಗಲಿ ಬೆಂಗಳೂರಿನದಾಗಲಿ, ಯಾವುದೋ ಒಂದು ಬಾಗಿಲು ತೆರೆಯಬೇಕಲ್ಲವೆ? ಇಬ್ಬರ ಜಗಳದ ನಡುವೆ ನಿಂತವಳ ಕೈಯಲ್ಲಿ ಇರುವುದು ದ್ರಾಕ್ಷಿಯ ಬುಟ್ಟಿ ಮಾತ್ರ.

ಯಾರ ಅಗತ್ಯಕ್ಕಾಗಿ?

ಈಗ ದಾಖಲೆಯ ಭಾಷೆಗೆ ಬರೋಣ. ಕೌಶಲದ ಬಗ್ಗೆ ಹೊರಬರುವ ಎಲ್ಲ ಸರ್ಕಾರಿ ಬರಹಗಳಲ್ಲಿಯೂ ಒಂದು ಪದಗುಚ್ಛ ತಪ್ಪದೆ ಬರುತ್ತದೆ: ಉದ್ಯಮಕ್ಕೆ ಬೇಕಾದ ಮಾನವ ಸಂಪನ್ಮೂಲ. ಉದ್ಯಮಕ್ಕೆ ಕೈಗಳು ಬೇಕು, ಆದ್ದರಿಂದ ಕೈಗಳನ್ನು ಎಣಿಸೋಣ, ವಿಂಗಡಿಸೋಣ, ಮುದ್ರೆ ಒತ್ತೋಣ. ನಮಗೆ ತಿಕೋಟಾದ ಶೆಡ್ಡಿನ ವಿಂಗಡಣೆಯ ಮೇಜು ನೆನಪಾಗುತ್ತದೆ. ಅಲ್ಲಿಯೂ ಹೀಗೆಯೇ: ಇದು ಒಂದನೇ ದರ್ಜೆ, ಇದು ಎರಡನೆಯದು. ವ್ಯತ್ಯಾಸ ಇಷ್ಟೇ. ದ್ರಾಕ್ಷಿಗೆ ದರ್ಜೆ ಬಂದ ಮೇಲೆ ದರವಾದರೂ ಬರುತ್ತದೆ.

ದುಡಿಯುವ ಜನರ ದೃಷ್ಟಿಯಿಂದ ನೋಡಿದರೆ ಪ್ರಶ್ನೆಗಳೇ ಬೇರೆ. ಈ ಮಾನ್ಯತೆಯಿಂದ ನಮ್ಮ ಕೂಲಿ ಏರುತ್ತದೆಯೇ? ಕನಿಷ್ಠ ವೇತನದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ ಎಂಬ ವಿಂಗಡಣೆ ಮೊದಲಿನಿಂದಲೂ ಇದೆ. ಮಾನ್ಯತೆ ಪಡೆದ ಹೆಣ್ಣುಮಗಳು ಅಕುಶಲದಿಂದ ಕುಶಲಕ್ಕೆ ಏರಬೇಕೆಂಬ ಒಂದು ಸಾಲು ಸೇರಿಸಿದ್ದರೆ ಐದುನೂರು ರೂಪಾಯಿಯ ಬಹುಮಾನಕ್ಕಿಂತ ಅದರ ಬೆಲೆ ಎಷ್ಟೋ ಹೆಚ್ಚಾಗುತ್ತಿತ್ತು. ಪರೀಕ್ಷೆ ನಮ್ಮ ಮಾತಿನಲ್ಲಿ ನಡೆಯುತ್ತದೆಯೇ? ಅಳೆಯಲು ಬಂದವನಿಗೆ ನಮ್ಮ ಕೆಲಸ ಗೊತ್ತಿದೆಯೇ? ಒಂದು ಗೊನೆಯನ್ನಾದರೂ ಅವನು ಅದ್ದಿ ತೆಗೆದಿದ್ದಾನೆಯೇ?

ಹೊರಗಿನ ದೇಶಗಳ ಅನುಭವ ಇಲ್ಲಿ ನೆರವಿಗೆ ಬರುತ್ತದೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು ಸೇನೆಯಲ್ಲಿ ಕಲಿತದ್ದನ್ನು ಕಾಲೇಜುಗಳು ಕ್ರೆಡಿಟ್ ಆಗಿ ಎಣಿಸತೊಡಗಿದವು. ಫ್ರಾನ್ಸ್ 2002ರಲ್ಲಿ ಕಾನೂನು ಮಾಡಿ, ದುಡಿದು ಕಲಿತವರು ಅಧ್ಯಾಪಕರೂ ವೃತ್ತಿಪರರೂ ಕೂಡಿದ ಮಂಡಳಿಯ ಮುಂದೆ ತಮ್ಮ ಅನುಭವ ನಿರೂಪಿಸಿ ಇಡೀ ಪದವಿಯನ್ನೇ ಪಡೆಯುವ ಹಕ್ಕು ಕೊಟ್ಟಿತು. ಅಲ್ಲಿ ಅದು ಬಹುಮಾನವಲ್ಲ, ಹಕ್ಕು. ನಮಗೆ ಇನ್ನೂ ಹತ್ತಿರವಾದದ್ದು ದಕ್ಷಿಣ ಆಫ್ರಿಕ. ವರ್ಣಭೇದ ನೀತಿ ಕರಿಯರನ್ನು ಓದಿನಿಂದ ದೂರವಿಟ್ಟಿತ್ತು, ದುಡಿಮೆಯಿಂದ ಬಿಟ್ಟಿರಲಿಲ್ಲ. ಕೆಲಸ ಬಲ್ಲವರು ಕಾಗದವಿಲ್ಲದ ಕಾರಣಕ್ಕೆ ಕೆಳಗಿನ ಪಗಾರದಲ್ಲಿಯೇ ಉಳಿದಿದ್ದರು. ಲೋಹ ಕಾರ್ಮಿಕರ ಸಂಘಟನೆಗಳು ಇದನ್ನು ಪ್ರಶ್ನಿಸಿದವು. 1995ರ ಅರ್ಹತಾ ಕಾಯಿದೆಯ ನಂತರ ಪೂರ್ವ ಕಲಿಕೆಯ ಮಾನ್ಯತೆ ಅಲ್ಲಿ ಹಳೆಯ ಅನ್ಯಾಯಕ್ಕೆ ಪರಿಹಾರ ಎಂಬ ಹೆಸರಿನಲ್ಲಿ ಬಂತು. ಆಚರಣೆಯಲ್ಲಿ ಅಲ್ಲಿಯೂ ಕುಂದುಗಳಿವೆ. ಆದರೆ ಪದಗಳು ಮುಖ್ಯ. 'ಪರಿಹಾರ' ಎಂದು ಬರೆದ ದಾಖಲೆಯನ್ನು ಹಿಡಿದು ಜನ ಹಕ್ಕು ಕೇಳಬಹುದು. 'ಉದ್ಯಮದ ಅಗತ್ಯ' ಎಂದು ಬರೆದ ದಾಖಲೆಯನ್ನು ಹಿಡಿದು ಕೆಲಸ ಮಾತ್ರ ಬೇಡಬಹುದು. ಜಾತಿ, ಬಡತನ, ಹೆಣ್ಣೆಂಬ ಕಾರಣಕ್ಕೆ ಶಾಲೆ ತಪ್ಪಿಸಿಕೊಂಡವರು ತುಂಬಿರುವ ನಮ್ಮ ದೇಶದ ದಾಖಲೆಯಲ್ಲಿ ಪರಿಹಾರದ ಮಾತು ಮೊದಲ ಪುಟದಲ್ಲಿ ಇರಬೇಕಿತ್ತು.

ಎರಡು ಆಕ್ಷೇಪಗಳು

ಕೆಲಸ ಮಾಡಿದವರಿಗೆಲ್ಲ ಕ್ರೆಡಿಟ್ ಕೊಟ್ಟರೆ ಪದವಿಯ ಬೆಲೆ ಇಳಿಯುವುದಿಲ್ಲವೇ ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ಮೂರು ವರ್ಷ ಹಾಜರಿ ಹಾಕಿ, ಸಾಲ ಮಾಡಿ ಫೀ ಕಟ್ಟಿದ ಹುಡುಗಿಗೆ ಇದು ಅನ್ಯಾಯವಲ್ಲವೇ? ಪ್ರಶ್ನೆ ಹಗುರವಲ್ಲ. 12 ಗಂಟೆಯ ಶಿಬಿರದ ಮಾದರಿಯಲ್ಲಿ ಕ್ರೆಡಿಟ್ ಹಂಚಿದರೆ ಪದವಿಯ ಬೆಲೆ ಖಂಡಿತ ಇಳಿಯುತ್ತದೆ. ಅದಕ್ಕಾಗಿಯೇ ಅಳೆಯುವ ಕೆಲಸ ಗುತ್ತಿಗೆದಾರರಿಗೆ ಹೋಗಬಾರದು, ಅಧ್ಯಾಪಕರೂ ಕಸುಬುದಾರರೂ ಒಟ್ಟಿಗೆ ಕುಳಿತು ಮಾಡಬೇಕು ಎನ್ನುವುದು.

ಎರಡನೆಯ ಆಕ್ಷೇಪ ನಮ್ಮೊಳಗಿನದು ಮತ್ತು ಹೆಚ್ಚು ಗಂಭೀರವಾದದ್ದು. ದುಡಿದರೂ ಕ್ರೆಡಿಟ್ ಸಿಗುತ್ತದೆ ಎಂದರೆ ನಮ್ಮ ತಂದೆತಾಯಿಗಳು ಎಂಟನೇ ತರಗತಿಯ ಹುಡುಗನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸಲು ಇನ್ನೊಂದು ನೆಪ ಕೊಟ್ಟಂತಾಗುವುದಿಲ್ಲವೇ? ಆಗುತ್ತದೆ. ಉಸ್ತಾದನ ಬಳಿ ಹದಿಮೂರರ ಪ್ರಾಯದ ಚೇಲಾ ಸ್ಪಾನರ್ ಹಿಡಿದು ನಿಂತ ದೃಶ್ಯ ನಮ್ಮ ಊರುಗಳಲ್ಲಿ ಇನ್ನೂ ಮಾಯವಾಗಿಲ್ಲ. ಅದನ್ನು 'ಕಲಿಕೆ' ಎಂದು ಕರೆದು ಸಮಾಧಾನಪಟ್ಟುಕೊಳ್ಳುವುದು ಆತ್ಮವಂಚನೆ. ಪೂರ್ವ ಕಲಿಕೆಯ ಮಾನ್ಯತೆ ಹಿಂದೆ ಶಾಲೆ ತಪ್ಪಿಸಿಕೊಂಡ ವಯಸ್ಕರಿಗೆ ಇರಬೇಕೇ ಹೊರತು ಇಂದಿನ ಮಕ್ಕಳಿಗೆ ಶಾಲೆಯ ಬದಲಿಯಾಗಬಾರದು. ತಂದೆಯ ಅನುಭವಕ್ಕೆ ಕ್ರೆಡಿಟ್ ಕೇಳುವಾಗ ಮಗನ ಹಾಜರಿ ಪುಸ್ತಕವನ್ನೂ ನೋಡಬೇಕು.

ಮರೆತ ಮಾತು

ಅನುಭವವನ್ನು ಜ್ಞಾನವೆಂದು ಒಪ್ಪಲು ಈ ನೆಲ ಯಾವ ವಿದೇಶಿ ಚೌಕಟ್ಟಿಗೂ ಕಾಯಬೇಕಾಗಿರಲಿಲ್ಲ. ಬಸವಣ್ಣನ ಬಾಗೇವಾಡಿ ಇದೇ ಜಿಲ್ಲೆಯದು. ಶರಣರು ಕೂಡಿ ಕುಳಿತ ಮಂಟಪಕ್ಕೆ ಅನುಭವದ್ದೇ ಹೆಸರು. ಅಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ ತಮ್ಮ ಕಾಯಕವನ್ನು ಹೊರಗೆ ಬಿಟ್ಟು ಒಳಗೆ ಬರಬೇಕಿರಲಿಲ್ಲ. ಇಸ್ಲಾಮೀ ವಿದ್ಯಾಪರಂಪರೆಯಲ್ಲಿ 'ಇಜಾಝತ್' ಎಂಬುದೊಂದಿದೆ. ಈತ ನನ್ನಿಂದ ಕಲಿತಿದ್ದಾನೆ, ಇನ್ನು ಕಲಿಸಬಲ್ಲ ಎಂದು ಗುರು ತನ್ನ ಹೆಸರಿನ ಹೊಣೆಯ ಮೇಲೆ ಕೊಡುವ ಅನುಮತಿ ಅದು. ಅದರ ಬೆಲೆ ಕಟ್ಟಡಕ್ಕೆ ಸೇರಿದ್ದಲ್ಲ, ಕೊಟ್ಟವನ ವಿಶ್ವಾಸಾರ್ಹತೆಗೆ ಸೇರಿದ್ದು. ಆ ಪರಂಪರೆಯ ವಿದ್ವಾಂಸರ ಹೆಸರುಗಳಲ್ಲಿಯೇ ಕಸುಬುಗಳಿವೆ. 1026ರಲ್ಲಿ ತೀರಿಕೊಂಡ ಮರ್ವ್ ನಗರದ ಶಾಫಿಈ ಧರ್ಮಶಾಸ್ತ್ರಜ್ಞ ಅಲ್-ಕಫ್ಫಾಲ್ ಬೀಗ ಮಾಡುವವರಾಗಿದ್ದರು. ಅವರ ಹೆಸರಿನ ಅರ್ಥವೂ ಅದೇ. ಓದಲು ಕುಳಿತದ್ದು ಮೂವತ್ತರ ವಯಸ್ಸಿನಲ್ಲಿ. ಅವರನ್ನು ಯಾವ ಗುರುವೂ ವಯಸ್ಸಿನ ಕಾರಣಕ್ಕೆ ಬಾಗಿಲಿನಿಂದ ಹಿಂದೆ ಕಳಿಸಲಿಲ್ಲ.

ಇಂಥ ಪರಂಪರೆಯ ವಾರಸುದಾರರಾದ ನಾವು ಇಂದು ಏನು ಮಾಡುತ್ತಿದ್ದೇವೆ? ಹೆಣ್ಣು ಕೊಡುವಾಗ ಹುಡುಗ ಎಷ್ಟು ಓದಿದ್ದಾನೆ ಎಂದು ಮೊದಲು ಕೇಳುತ್ತೇವೆ. ಶಾಲೆಯ ಸಮಾರಂಭಕ್ಕೆ ಪದವೀಧರನನ್ನು ವೇದಿಕೆಗೆ ಕರೆದು, ಆ ಶಾಲೆ ಕಟ್ಟಿದ ಗೌಂಡಿಯನ್ನು ಕುರ್ಚಿ ಜೋಡಿಸಲು ಕಳಿಸುತ್ತೇವೆ. ಸರ್ಕಾರದ ದಾಖಲೆಯನ್ನು ಟೀಕಿಸುವ ಮೊದಲು ಈ ಮಾತು ನಮಗೂ ತಟ್ಟಬೇಕು.

ಮಾಡಬಹುದಾದದ್ದು

ದೊಡ್ಡ ಕ್ರಾಂತಿಯೇನೂ ಬೇಕಿಲ್ಲ. ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ, ಕೃಷಿ ಕಾಲೇಜಿದೆ, ತಿಡಗುಂದಿಯಲ್ಲಿ ತೋಟಗಾರಿಕೆಯ ಸಂಶೋಧನಾ ಕೇಂದ್ರವಿದೆ, ಐಟಿಐಗಳಿವೆ. ಇವು ಕೂಡಿ ಒಂದೇ ಒಂದು ಕಸುಬನ್ನು, ಒಣದ್ರಾಕ್ಷಿಯನ್ನೇ, ಆಯ್ದುಕೊಳ್ಳಲಿ. ಹಂಗಾಮಿನಲ್ಲಿ ಶೆಡ್ಡಿಗೇ ಹೋಗಿ, ಕನ್ನಡದಲ್ಲಿ ಮತ್ತು ಅಲ್ಲಿ ಆಡುವ ದಖನಿಯಲ್ಲಿ, ಬಾಯಿಮಾತಿನಲ್ಲಿ, ಮಾಡಿ ತೋರಿಸಿ ಎಂದು ಕೇಳಿ ಅಳೆಯಲಿ. ಅಳೆಯುವ ಮಂಡಳಿಯಲ್ಲಿ ಒಬ್ಬ ಅಧ್ಯಾಪಕಿ, ಒಬ್ಬ ಬೆಳೆಗಾರ, ಇಪ್ಪತ್ತು ವರ್ಷ ದುಡಿದ ಒಬ್ಬ ಕೂಲಿ ಹೆಣ್ಣುಮಗಳು ಇರಲಿ. ಪಡೆದ ಕ್ರೆಡಿಟ್ ಯಾವ ಕೋರ್ಸಿನಲ್ಲಿ ಎಷ್ಟು ಎಣಿಕೆಯಾಗುತ್ತದೆ ಎಂಬುದನ್ನು ಪರೀಕ್ಷೆಗೆ ಮೊದಲೇ ಬರೆದು ಪ್ರಕಟಿಸಲಿ. ಹತ್ತನೆಯದು ಆಗದವರಿಗೆ ಖಾಸಗಿ ಅಭ್ಯರ್ಥಿಯಾಗಿಯೋ ಮುಕ್ತ ಶಾಲೆಯ ಮೂಲಕವೋ ಅದನ್ನು ಮುಗಿಸಲು ಸಂಜೆಯ ತರಗತಿ ನಡೆಯಲಿ. ಇದಕ್ಕೆ ನಮ್ಮ ಶಾದಿಮಹಲುಗಳನ್ನು, ಸಮುದಾಯ ಭವನಗಳನ್ನು ಬಿಟ್ಟುಕೊಡಲು ನಮಗೇನು ಅಡ್ಡಿ? ಮದುವೆಯಿಲ್ಲದ ದಿನಗಳೇ ಹೆಚ್ಚು.

ತಿಕೋಟಾದ ಆ ಹೆಣ್ಣುಮಗಳಿಗೆ ಪದವಿಯೇ ಬೇಕೆಂದು ನಾವು ಹೇಳುತ್ತಿಲ್ಲ. ಬೇಕೋ ಬೇಡವೋ ಎಂಬ ತೀರ್ಮಾನ ಅವಳದು. ಅವಳು ಬೇಕೆಂದು ಬಂದ ದಿನ ಗೇಟಿನಲ್ಲಿ ನಿಂತವನು 'ಎಷ್ಟನೇತ್ತ ಕಲ್ತೀರಿ' ಎಂಬ ಒಂದೇ ಪ್ರಶ್ನೆ ಕೇಳಬಾರದು. ಏನು ಬಲ್ಲಿರಿ ಎಂದೂ ಕೇಳಬೇಕು. ಉತ್ತರ ಕೇಳಿಸಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರೆದುಕೊಂಡದ್ದನ್ನು ಒಂದು ದಿನ ಚುಕ್ತಾ ಮಾಡಬೇಕು.

ಇಷ್ಟು ದಿನ ಅವಳು ತನ್ನ ದುಡಿಮೆಯನ್ನು ನಗದಾಗಿಯೇ ಕೊಟ್ಟಿದ್ದಾಳೆ. ನಾವು ಮಾತ್ರ 'ನಾಳೆ' ಎಂಬ ಹಲಗೆ ತೋರಿಸುತ್ತ ಬಂದಿದ್ದೇವೆ. ದಾಖಲೆ ಬದಲಾಯಿತು, ಹಲಗೆ ಬದಲಾಗಿಲ್ಲ. ಅದನ್ನು ಇಳಿಸುವ ಕೆಲಸ ಇನ್ನು ಆಗಬೇಕಿದೆ.